ಅಂಚಿನವರೆಗೆ ತುಂಬಿದ ಚಹಾ

ನಾನು ಓದು ನಿಲ್ಲಿಸಿದ್ದು 1986ರಲ್ಲಿ, ಎಂಟನೇ ಕ್ಲಾಸಿನ ಅರ್ಧ ವರ್ಷಕ್ಕೆ. ಮೈಸೂರಿನಲ್ಲಿ ನಮ್ಮ ಅಬ್ಬಾ ಜಟಕಾ ಗಾಡಿ ಓಡಿಸುತ್ತಿದ್ದರು. ಆ ವರ್ಷ ಕುದುರೆ ಸತ್ತುಹೋಯಿತು. ಇನ್ನೊಂದು ಕುದುರೆ ತರುವ ಶಕ್ತಿ ಇರಲಿಲ್ಲ. ನನ್ನನ್ನು ಮಂಡಿ ಮೊಹಲ್ಲಾದ ಒಂದು ಸೋಫಾ ಅಂಗಡಿಗೆ ಕೆಲಸಕ್ಕೆ ಹಚ್ಚಿದರು. ಲೆಕ್ಕದಲ್ಲಿ ನಾನು ಇಡೀ ಕ್ಲಾಸಿಗೆ ಎರಡನೆಯವನು. ಈ ಮಾತನ್ನು ಯಾರೂ ಕೇಳದಿದ್ದರೂ ಈಗಲೂ ಹೇಳುತ್ತೇನೆ.

ಅಂಗಡಿಯ ಉಸ್ತಾದರು ಕಡಿಮೆ ಮಾತಿನವರು. ಹತ್ತಿ ಬಿಡಿಸುವುದು, ನಾರು ತುಂಬುವುದು, ಬಾಗಿದ ಸೂಜಿಯಲ್ಲಿ ಹೊರಗೆ ಕಾಣದ ಹಾಗೆ ಹೊಲಿಗೆ ಹಾಕುವುದು, ಎಲ್ಲವನ್ನೂ ಅವರಿಂದಲೇ ಕಲಿತೆ. ಅವರದೊಂದು ಪದ್ಧತಿ ಇತ್ತು. ಯಾವ ಗಾದಿ ಮುಗಿಸಿದರೂ ಅದರ ಕೆಳಮೂಲೆಯಲ್ಲಿ ಕೆಂಪು ದಾರದಿಂದ ಮೂರು ಹೊಲಿಗೆ ಹಾಕುತ್ತಿದ್ದರು. ಗಿರಾಕಿಯ ಕಣ್ಣಿಗೆ ಬೀಳುವುದಿಲ್ಲ, ಬೆರಳಿಟ್ಟು ಹುಡುಕಿದರೆ ಸಿಗುತ್ತದೆ. ಯಾಕೆ ಎಂದು ಕೇಳಿದ್ದಕ್ಕೆ, "ನಾಳೆ ಗಾದಿ ಹರಿದು ವಾಪಸ್ ಬಂದ್ರೆ ಇದು ನಂದಲ್ಲ ಅನ್ನೋ ಹಾಗಿರಬಾರ್ದು. ಅದಕ್ಕೆ" ಎಂದಿದ್ದರು. ನಾನೇ ಅಂಗಡಿ ಇಟ್ಟಾಗಲೂ, ಈ ದೇಶಕ್ಕೆ ಬಂದ ಮೇಲೂ ಆ ಮೂರು ಹೊಲಿಗೆಯನ್ನು ನಾನು ಬಿಟ್ಟಿರಲಿಲ್ಲ.

ಅಮೆರಿಕಾಕ್ಕೆ ಬಂದದ್ದು ಹೆಂಡತಿಯ ತಮ್ಮ ನಯಾಜ್‌ನಿಂದ. ಅವನು ಜಾರ್ಜಿಯಾದ ಕಮ್ಮಿಂಗ್‌ನಲ್ಲಿ ಮನೆ ಮಾರಿಸುವ ಏಜೆಂಟ್. ಅಕ್ಕನಿಗೆಂದು ಅವನು ಹಾಕಿದ್ದ ಅರ್ಜಿ ಹನ್ನೆರಡು ವರ್ಷ ಕಾದು ಕೊನೆಗೆ 2013ರಲ್ಲಿ ಕೈಗೂಡಿತು. ನಾನು, ಹೆಂಡತಿ, ಹದಿನೈದು ವರ್ಷದ ಮಗಳು ಸಬಿಹಾ ಹೊರಟು ಬಂದೆವು. ಕೆಲಸ ಸಿಕ್ಕಿದ್ದು ಮೇರಿಲ್ಯಾಂಡ್‌ನ ಗೈದರ್ಸ್‌ಬರ್ಗ್‌ನಲ್ಲಿ, ಹಾಗಾಗಿ ಅಲ್ಲೇ ನಿಂತೆವು. ಆರು ವರ್ಷ ಬೇರೆಯವರ ವರ್ಕ್‌ಶಾಪ್‌ನಲ್ಲಿ ದುಡಿದು ಆಮೇಲೆ ನನ್ನದೇ ಒಂದು ಶೆಡ್ ಬಾಡಿಗೆಗೆ ಹಿಡಿದೆ. 2021ರಲ್ಲಿ ಹೆಂಡತಿ ತೀರಿಕೊಂಡಳು. ಅಷ್ಟು ಹೊತ್ತಿಗೆ ಸಬಿಹಾ ಓದು ಮುಗಿಸಿ ಒಂದು ಬಯೋಟೆಕ್ ಕಂಪನಿಯ ಲ್ಯಾಬ್‌ಗೆ ಸೇರಿದ್ದಳು. ನಾನು ಯಾರ ಮುಂದೆಯೂ ಕೈ ಚಾಚಿದವನಲ್ಲ, ತಲೆ ತಗ್ಗಿಸಿದವನೂ ಅಲ್ಲ. ಹಾಗೆಂದು 2023ರವರೆಗೆ ತಿಳಿದುಕೊಂಡಿದ್ದೆ.

2022ರ ಚಳಿಗಾಲದಲ್ಲಿ ರುಸ್ತಮ್ ಎಂಬ ಮನುಷ್ಯ ನನ್ನ ಶೆಡ್ ಹುಡುಕಿಕೊಂಡು ಬಂದ. ಉಜ್ಬೇಕಿಸ್ತಾನದವನು, ನನ್ನಷ್ಟೇ ವಯಸ್ಸು. ಹೆಂಡತಿ ಲೇನಾ ರಷ್ಯಾದವಳು. ಇಬ್ಬರೂ ಸೇರಿ ನಮ್ಮಲ್ಲಿಂದ ಇಪ್ಪತ್ತು ನಿಮಿಷ ದೂರದಲ್ಲಿ ಒಂದು ಸಣ್ಣ ರೆಸ್ಟೋರೆಂಟ್ ತೆರೆಯುವುದರಲ್ಲಿದ್ದರು. ಪುಲಾವು, ಮಾಂಸ, ಒಲೆಯ ರೊಟ್ಟಿ ಅವನದು; ಬೀಟ್‌ರೂಟ್ ಸೂಪು, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ, ಜೇನಿನ ಕೇಕು ಅವಳದು. ಒಳಗೆ ಒಂದು ಗೋಡೆಯುದ್ದಕ್ಕೂ ಮರದ ಜಗಲಿ ಮಾಡಿಸಿದ್ದ. ಅದರ ಮೇಲೆ ಹಾಸಲು ಹನ್ನೆರಡು ಉದ್ದನೆಯ ಗಾದಿ ಬೇಕಿತ್ತು.

"ಫೋಮ್ ಬೇಡ. ಹತ್ತಿ. ನಮ್ಮಮ್ಮ ಮಾಡೋ ತರ. ನಾಲ್ಕು ಕಡೆ ಕೇಳಿದೆ, ಎಲ್ಲರೂ ನಕ್ಕರು" ಎಂದ. ಅವನದೂ ನನ್ನದೂ ಮುರುಕು ಇಂಗ್ಲಿಷ್. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ನಗಲಿಲ್ಲ. ಎದ್ದು ಒಳಗಿನಿಂದ ಒಂದು ಹಿಡಿ ಹತ್ತಿ ತಂದು ಅವನೆದುರು ಎಳೆ ಬಿಡಿಸಿ ತೋರಿಸಿದೆ. ಅವನು ಎದೆಯ ಮೇಲೆ ಕೈಯಿಟ್ಟು ಸ್ವಲ್ಪ ಬಾಗಿ, "ಉಸ್ತಾ" ಎಂದ. ಅವರ ಭಾಷೆಯಲ್ಲಿಯೂ ಕೆಲಸ ಬಲ್ಲವನಿಗೆ ಅದೇ ಹೆಸರು. ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಮೈಸೂರಿನಲ್ಲಿ ನಾನು ಉಸ್ತಾದರ ಶಿಷ್ಯ, ಇಲ್ಲಿ ಸೋಫಾ ರಿಪೇರಿಯವನು.

ಮೂರು ವಾರ ಅವನ ರೆಸ್ಟೋರೆಂಟಿನಲ್ಲೇ ಕೂತು ಹನ್ನೆರಡು ಗಾದಿ ಹೊಲೆದೆ. ಬೆಳಗ್ಗೆ ಅವನು ಮಣ್ಣಿನ ಒಲೆಯ ಗೋಡೆಗೆ ರೊಟ್ಟಿ ಬಡಿಯುತ್ತಿದ್ದ, ನಾನು ಜಗಲಿಯ ಮೇಲೆ ಸೂಜಿ ಹಿಡಿದಿರುತ್ತಿದ್ದೆ. ನಾನ್, ಚಾಯ್, ಮೆಹಮಾನ್, ಊಟಕ್ಕೆ ಹಾಸುವ ದಸ್ತರ್‌ಖಾನ್, ಹೀಗೆ ನನ್ನ ಉರ್ದುವಿಗೂ ಅವನ ಭಾಷೆಗೂ ಸೇರಿದ ಮಾತುಗಳು ಸಿಕ್ಕಾಗಲೆಲ್ಲ ಇಬ್ಬರಿಗೂ ಖುಷಿ. ಹತ್ತು ಗಂಟೆಗೆ ಹಿಡಿಯಿಲ್ಲದ ಸಣ್ಣ ಬಟ್ಟಲಿನಲ್ಲಿ ಹಸಿರು ಚಹಾ ತರುತ್ತಿದ್ದ. ಬಟ್ಟಲು ಯಾವಾಗಲೂ ಅರ್ಧ. ಮೂರು ದಿನ ನೋಡಿದೆ, ನಾಲ್ಕನೆಯ ದಿನ ತಡೆಯಲಾಗದೆ, "ನಮ್ಮೂರಲ್ಲಿ ಕೂಲಿಯವನಿಗೂ ಲೋಟ ತುಂಬಾ ಕೊಡ್ತಾರೆ" ಎಂದುಬಿಟ್ಟೆ. ಅವನು ಗಾಬರಿಯಾದ. ಆಮೇಲೆ ಕೂತು ಬಿಡಿಸಿ ಹೇಳಿದ. ಅವರಲ್ಲಿ ಗೌರವದ ಅತಿಥಿಗೆ ಅರ್ಧವೇ ಹಾಕುವುದು. ಮತ್ತೆ ಮತ್ತೆ ಹಾಕುವ ಭಾಗ್ಯ ತಮಗಿರಲಿ ಎಂದು. ಅಂಚಿನವರೆಗೆ ತುಂಬಿ ಕೊಟ್ಟರೆ, ಇದನ್ನು ಕುಡಿದು ನೀವಿನ್ನು ಹೊರಡಬಹುದು ಎಂದು ಅರ್ಥ. ಬಾಯಲ್ಲಿ ಹೇಳುವುದಿಲ್ಲ, ತುಂಬಿಬಿಡುತ್ತಾರೆ.

ಆ ಸಂಜೆ ಸಬಿಹಾಳಿಗೆ ಇದನ್ನು ಹೇಳಿ ಇಬ್ಬರೂ ನಕ್ಕೆವು. ಕೊನೆಯ ದಿನ ಅವಳನ್ನು ಕರೆದುಕೊಂಡು ಹೋಗಿ ಗಾದಿ ತೋರಿಸಿದೆ. ಮೂಲೆಯ ಕೆಂಪು ಹೊಲಿಗೆಯ ಫೋಟೋವನ್ನೂ ತೆಗೆದುಕೊಂಡಳು.

2023ರಲ್ಲಿ ಅವಳಿಗೆ ಒಂದು ಸಂಬಂಧ ಕೂಡಿಬಂತು. ಹುಡುಗ ಆದಿಲ್, ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿ ಕೆಲಸ. ಇಬ್ಬರೂ ಒಂದು ವರ್ಷದಿಂದ ಪರಿಚಯ, ಮನಸ್ಸು ಕೂಡಿತ್ತು. ಹುಡುಗನ ತಂದೆ ಬೆಂಗಳೂರಿನವರು, ನಲವತ್ತು ವರ್ಷದ ಹಿಂದೆಯೇ ಬಂದು ನೆಲೆಸಿದ ಹೃದಯದ ಡಾಕ್ಟರ್. ನಯಾಜ್ ಕಮ್ಮಿಂಗ್‌ನಿಂದಲೇ ಎಲ್ಲವನ್ನೂ ಕೈಗೆ ತೆಗೆದುಕೊಂಡ. ಬಯೋಡೇಟಾ ಅವನೇ ಬರೆದ. ನನ್ನ ಹೆಸರಿನ ಮುಂದೆ "ಇಂಟೀರಿಯರ್ ಫರ್ನಿಶಿಂಗ್ ಬಿಸಿನೆಸ್" ಎಂದು ಹಾಕಿದ. ಓದು ಎಂಬಲ್ಲಿ ಏನೂ ಬರೆಯದೆ ಖಾಲಿ ಬಿಟ್ಟ. ಎರಡು ಕೋಣೆಯ ಹಳೇ ಮನೆಯನ್ನು ಕೋಜಿ, ಅಂದರೆ ಬೆಚ್ಚಗಿನ ಮನೆ, ಎಂದು ಬರೆದು ಮಾರುವವನು, ನನ್ನನ್ನೂ ಹಾಗೇ ಬರೆದ. ನಾನು ಓದಿ ಸುಮ್ಮನಾದೆ. ಅವನ ಅರ್ಜಿಯ ಮೇಲೆ ಈ ದೇಶಕ್ಕೆ ಬಂದವನು ನಾನು, ಅದಕ್ಕೇ ಸುಮ್ಮನಾದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಆ ಸಾಲು ನನಗೂ ಹಿಡಿಸಿತ್ತು.

ಎರಡೂ ಮನೆಯವರು ಭೇಟಿಯಾಗುವುದು ಒಂದು ಭಾನುವಾರ ಮಧ್ಯಾಹ್ನ, ಊಟಕ್ಕೆ ಎಂದಾಯಿತು. ಆದಿಲ್ ಜಾಗ ಗೊತ್ತು ಮಾಡಿದ. ಯಾವುದೆಂದು ಸಬಿಹಾ ಹೇಳಿದಳು. ರುಸ್ತಮ್‌ನ ರೆಸ್ಟೋರೆಂಟ್.

"ಬೇರೆ ಕಡೆ ನೋಡೋಕೆ ಹೇಳು" ಎಂದೆ.

"ಯಾಕೆ ಅಬ್ಬಾ? ಹಲಾಲ್ ಇದೆ, ಕೋಜಿಯಾಗಿದೆ. ಬುಕ್ ಮಾಡಿಯಾಗಿದೆ" ಎಂದಳು. ನನ್ನ ಮುಖವನ್ನೇ ನೋಡುತ್ತಿದ್ದಳು.

ನಯಾಜ್ ಅಟ್ಲಾಂಟಾದಿಂದ ವಿಮಾನದಲ್ಲಿ ಬಂದು ಕಾರು ಬಾಡಿಗೆಗೆ ತೆಗೆದುಕೊಂಡಿದ್ದ. ದಾರಿಯಲ್ಲಿ ಅವನದೇ ಮಾತು, ಭಾವನಾದ ನನಗೆ ಪಾಠ.

"ದುಲ್ಹೇಭಾಯ್, ಸೂಜಿ ದಾರ ಅಂತ ಬಾಯಿ ಬಿಡ್ಬೇಡಿ. ಫರ್ನಿಶಿಂಗ್ ಬಿಸಿನೆಸ್, ಅಷ್ಟೇ. ಹೆಚ್ಚಿಗೆ ಕೇಳಿದ್ರೆ ನಾನು ಹ್ಯಾಂಡಲ್ ಮಾಡ್ತೀನಿ."

"ಮಾಮು, ಅಬ್ಬಾ ಮಾಡೋದು ಅಪ್‌ಹೋಲ್ಸ್ಟರಿ. ಅದಕ್ಕೆ ಅಂತಾನೇ ಒಂದು ವರ್ಡ್ ಇದೆ" ಎಂದಳು ಸಬಿಹಾ ಹಿಂದಿನ ಸೀಟಿನಿಂದ.

"ಇದೆ ಬೇಟಾ. ಆ ವರ್ಡನ್ನ ನಿಕಾಹ್ ಆದ್ಮೇಲೆ ಯೂಸ್ ಮಾಡು."

ಅವಳು ನನ್ನ ಭುಜ ಮುಟ್ಟಿ, "ಅಬ್ಬಾ, ನಾನೇನೂ ಹೇಳಲ್ಲ. ನೀವೇ ಹೇಳ್ಬೇಕು" ಎಂದಳು. ಏನು ಹೇಳಬೇಕೆಂದು ನಾನು ಕೇಳಲಿಲ್ಲ. ರುಸ್ತಮ್ ಭಾನುವಾರ ಒಲೆ ಬಿಟ್ಟು ಹೊರಗೆ ಬರುವುದಿಲ್ಲ, ಊಟ ಮುಗಿಸಿ ಎದ್ದುಬಿಟ್ಟರಾಯಿತು ಎಂದು ಲೆಕ್ಕ ಹಾಕುತ್ತಿದ್ದೆ. ಲೆಕ್ಕದಲ್ಲಿ ನಾನು ಕ್ಲಾಸಿಗೆ ಎರಡನೆಯವನು.

ಡಾಕ್ಟರ್ ಸಾಹೇಬರು ತುಂಬ ಸರಳ. ನಮ್ಮ ಎರಡೂ ಮನೆಯ ಮಾತು ಉರ್ದು. ಆದರೆ ನಾನು ಮೈಸೂರಿನವನೆಂದು ಗೊತ್ತಿದ್ದುದರಿಂದ ಕೈ ಕುಲುಕುತ್ತಲೇ ಕನ್ನಡ ಶುರುಮಾಡಿದರು. "ಕನ್ನಡ ಮಾತಾಡೋಣ ಇವ್ರೇ. ಮನೇಲಿ ಹುಡುಗ್ರು ಇಂಗ್ಲಿಷ್, ಹೆಂಡ್ತಿ ಉರ್ದು. ನನ್ನ ಕನ್ನಡಕ್ಕೆ ತುಕ್ಕು ಹಿಡಿದಿದೆ." ಟೇಬಲ್ಲಿಗೆ ಕರೆದೊಯ್ಯಲು ಬಂದ ಹುಡುಗಿಗೆ ಅವರೇ ಜಗಲಿ ತೋರಿಸಿದರು. "ಚಕ್ಕಳಮಕ್ಕಳ ಹಾಕಿ ಕೂತು ಊಟ ಮಾಡಿ ಎಷ್ಟು ಕಾಲ ಆಯ್ತು."

ಹಾಗೆ ನಾನು ಹೊಲೆದ ಗಾದಿಯ ಮೇಲೆಯೇ ನಾವೆಲ್ಲ ಕೂತೆವು. ಹನ್ನೆರಡರಲ್ಲಿ ಮೂರನೆಯದು ಸ್ವಲ್ಪ ಗಟ್ಟಿ, ನನಗೆ ಗೊತ್ತು. ಅದರ ಮೇಲೆ ನಾನೇ ಕೂತೆ.

ಹುಡುಗಿ ಚಹಾ ತಂದು ಎಲ್ಲರಿಗೂ ಅರ್ಧರ್ಧ ಬಟ್ಟಲು ಹಾಕಿ ಹೋದಳು. ಡಾಕ್ಟರರ ಹೆಂಡತಿ ಬಗ್ಗಿ ನೋಡಿ, "ಇದೇನು, ಅರ್ಧಕ್ಕೇ ನಿಲ್ಲಿಸಿದ್ಲು? ನಮ್ಮ ಕಡೆ ಹೀಗೆ ಕೊಟ್ರೆ ಬೀಗರು ಎದ್ದು ಹೋಗ್ತಾರೆ" ಎಂದು ನಕ್ಕರು.

"ಬಿಸಿನೆಸ್ ಮೇಡಂ, ಮಿಗಿಸ್ತಾರೆ" ಎಂದ ನಯಾಜ್.

ಕಾರಣ ನನ್ನ ನಾಲಗೆಯ ತುದಿಯಲ್ಲಿತ್ತು. ಹೇಳಿದರೆ ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಬಾಯಿ ಮುಚ್ಚಿಕೊಂಡು ಕುಡಿದೆ.

ರೊಟ್ಟಿ ಬಂತು, ಡಾಕ್ಟರರು ಮುರಿದು ಹಂಚಿದರು. ಲೇನಾಳ ಕೆಂಪು ಸೂಪು ಬಂತು. ಆಮೇಲೆ ಕ್ಯಾರೆಟ್ಟು, ಕುರಿಮಾಂಸದ ಪುಲಾವು. "ಇದು ನಮ್ಮ ಪುಲಾವೇ. ಖಾರ ಒಂದು ಮರೆತಿದ್ದಾರೆ" ಎಂದರು ಡಾಕ್ಟರರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು.

ಆಗ ಡಾಕ್ಟರರ ಹೆಂಡತಿ ತಮ್ಮ ಗಾದಿಯನ್ನು ಕೈಯಿಂದ ಒತ್ತಿ ನೋಡಿದರು. ಅಂಚಿನಲ್ಲಿ ಬೆರಳು ಓಡಿಸಿ ಮೂಲೆಗೆ ಬಂದು ಕೆಳಗೆ ಏನೋ ತಡವಿದರು. ಬೆರಳು ಅಲ್ಲೇ ನಿಂತಿತು. ಅವರು ನನ್ನ ಕಡೆ ತಿರುಗಿ ನಗುತ್ತಾ, "ಎಷ್ಟು ಚೆನ್ನಾಗಿ ಹೊಲೆದಿದ್ದಾರೆ, ಅಲ್ವಾ? ಹತ್ತಿ ಎಲ್ಲೂ ಗಂಟು ಕಟ್ಟಿಲ್ಲ. ಯಾರ ಕೈಯೋ" ಎಂದರು.

ಸಬಿಹಾ ತಿನ್ನುವುದು ನಿಲ್ಲಿಸಿ ನನ್ನನ್ನೇ ನೋಡಿದಳು. ಆದಿಲ್ ಕೂಡ ನೋಡಿದ. ನಯಾಜ್ ಕಾಲಿನಿಂದ ನನ್ನ ಕಾಲನ್ನು ಒತ್ತಿದ.

"ಕೈಯೆಲ್ಲಿ ಬಂತು ಮೇಡಂ, ಈಗೆಲ್ಲ ಮೆಷಿನ್. ಚೀನಾ ಮಾಲು. ನಮ್ಮ ಲೈನಿನಲ್ಲಿ ದಿನಾ ನೋಡ್ತೀವಿ" ಎಂದೆ.

ಅವರು "ಓ" ಎಂದರು. ಮೂಲೆಯಿಂದ ಬೆರಳು ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಡಾಕ್ಟರರು ಸೂಪಿನ ಬಟ್ಟಲಿನ ಕಡೆ ನೋಡಿದರು.

ಅಷ್ಟಕ್ಕೇ ಮುಗಿದಿದ್ದರೂ ಆಗುತ್ತಿತ್ತು. ಒಳಗಿನಿಂದ ರುಸ್ತಮ್ ಬಂದ. ಏಪ್ರನ್ನಿನ ತುಂಬ ಹಿಟ್ಟು. ಜಗಲಿಯ ಹತ್ತಿರ ಬರುತ್ತಿದ್ದಂತೆ ಅವನ ಮುಖ ಅರಳಿತು. ಎದೆಯ ಮೇಲೆ ಕೈಯಿಟ್ಟು, "ಉಸ್ತಾ! ನೀವು ಬಂದು ಹೀಗೆ ಮೂಲೆಯಲ್ಲಿ ಕೂರೋದಾ?" ಎಂದ. ಎಲ್ಲರಿಗೂ ಕೇಳುವ ಹಾಗೆ ಡಾಕ್ಟರರ ಕಡೆ ತಿರುಗಿ, "ಸರ್, ಇವರು..." ಎಂದು ಶುರುಮಾಡಿದ.

ನಾನು ತಡೆದೆ. ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ, ನಯಾಜ್‌ನ ಕಾಲೂ ಆಗ ನನ್ನ ಕಾಲಿನ ಮೇಲಿರಲಿಲ್ಲ. "ಸಾರಿ, ನೀವು ಬೇರೆ ಯಾರನ್ನೋ ಅಂದ್ಕೊಂಡಿದ್ದೀರಿ. ನಾನು ಇಲ್ಲಿಗೆ ಬರ್ತಿರೋದು ಇದೇ ಮೊದಲು" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ನನ್ನ ಜೀವನದಲ್ಲಿ ನಾನು ತಪ್ಪಿಲ್ಲದೆ ಆಡಿದ ಇಂಗ್ಲಿಷ್ ಅದೊಂದೇ ಇರಬೇಕು.

ಅವನ ಕೈ ಎದೆಯ ಮೇಲೆ ಹಾಗೇ ಇತ್ತು. ಅವನು ನನ್ನನ್ನು ನೋಡಿದ, ನನ್ನ ಕೆಳಗಿನ ಗಾದಿಯನ್ನು ನೋಡಿದ, ನಾನು ಹಾಕಿಕೊಂಡಿದ್ದ ಕೋಟನ್ನು ನೋಡಿದ. "ಕ್ಷಮಿಸಿ ಸರ್. ನಮ್ಮ ಉಸ್ತಾ ಒಬ್ಬರಿದ್ದರು, ನಿಮ್ಮ ಹಾಗೇ ಕಾಣ್ತಾರೆ" ಎಂದು ಮೆಲ್ಲಗೆ ಹೇಳಿ ಒಳಗೆ ಹೋದ.

ಊಟದ ನಂತರ ಹೊಸ ಚಹಾ ತಂದವನು ಅವನೇ. ಏಪ್ರನ್ ತೆಗೆದಿಟ್ಟು ಬಂದಿದ್ದ. ಡಾಕ್ಟರರಿಗೆ ಅರ್ಧ ಬಟ್ಟಲು, ಅವರ ಹೆಂಡತಿಗೆ ಅರ್ಧ, ಆದಿಲ್‌ಗೆ, ನಯಾಜ್‌ಗೆ, ಸಬಿಹಾಳಿಗೆ ಅರ್ಧ. ನನ್ನ ಬಟ್ಟಲಿಗೆ ಬಂದಾಗ ಅವನು ನಿಲ್ಲಿಸಲಿಲ್ಲ. ನಿಧಾನವಾಗಿ ಅಂಚಿನವರೆಗೆ ತುಂಬಿದ. ಇನ್ನೊಂದು ಹನಿ ಬಿದ್ದರೆ ಚೆಲ್ಲುವಷ್ಟು. ನನ್ನ ಮುಖ ನೋಡದೆ ಹೋದ.

"ನೋಡಿ, ನಿಮಗೆ ಮಾತ್ರ ಪೂರ್ತಿ. ಹುಡುಗಿ ತಂದೆ ಅಂತ ಗೊತ್ತಾಗಿದೆ ಅವನಿಗೆ" ಎಂದರು ಡಾಕ್ಟರರ ಹೆಂಡತಿ. ನಯಾಜ್ ಜೋರಾಗಿ ನಕ್ಕ. ಸಬಿಹಾ ನಗಲಿಲ್ಲ. ಅವಳು ಆ ಬಟ್ಟಲನ್ನೇ ನೋಡುತ್ತಿದ್ದಳು. ಎತ್ತಿದರೆ ಚೆಲ್ಲುತ್ತದೆ, ಅಷ್ಟು ತುಂಬಿತ್ತು. ನಾನು ಬಗ್ಗಿ, ಬಟ್ಟಲಿಗೆ ಬಾಯಿ ಹಚ್ಚಿ ಕುಡಿದೆ.

ವಾಪಸ್ ಬರುವಾಗ ನಯಾಜ್ ಖುಷಿಯಲ್ಲಿದ್ದ. "ಆಯ್ತು ಬಿಡಿ, ಸೂಪರ್ ಆಗಿ ಮ್ಯಾನೇಜ್ ಮಾಡಿದ್ರಿ" ಎಂದ.

"ಅವ್ರಿಗೆ ಗೊತ್ತಿತ್ತು" ಎಂದಳು ಸಬಿಹಾ.

"ಯಾರಿಗೆ?"

"ಎಲ್ರಿಗೂ. ಆದಿಲ್‌ಗೆ ಮೊದಲ ದಿನಾನೇ ಹೇಳಿದ್ದೆ. ಅವನು ಮನೇಲಿ ಹೇಳಿದ್ದ. ಆಂಟಿಗೆ ಫೋಟೋ ತೋರಿಸಿದ್ದೆ. ಅವ್ರು ಮೂಲೇಲಿ ಹುಡುಕ್ತಾ ಇದ್ದಿದ್ದು ಕೆಂಪು ಹೊಲಿಗೇನೇ. ಅದನ್ನ ನೋಡ್ಬೇಕು ಅಂತಾನೇ ಅವ್ರು ಅಲ್ಲಿಗೆ ಬಂದಿದ್ದು."

ನಾನು, "ಮೊದಲೇ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು.

"ಹೇಳಿದ್ರೆ, ಅವ್ರಿಗೆ ಹೇಗೂ ಗೊತ್ತಿದೆ ಅನ್ನೋ ಕಾರಣಕ್ಕೆ ನೀವು ಒಪ್ಕೊಳ್ತಿದ್ರಿ. ನೀವಾಗೇ ಹೇಳ್ತೀರ ಅಂದ್ಕೊಂಡಿದ್ದೆ ಅಬ್ಬಾ. ನಾನು ಅವ್ರ ಮುಂದೆ ಎಷ್ಟು ಜಂಬ ಪಟ್ಟಿದ್ದೆ ಗೊತ್ತಾ ನಿಮಗೆ?" ಎಂದು ಕಿಟಕಿಯ ಕಡೆ ತಿರುಗಿಕೊಂಡಳು. ಮನೆ ಬರುವವರೆಗೆ ತಿರುಗಲಿಲ್ಲ.

ಮರುದಿನ ಡಾಕ್ಟರರು ಫೋನ್ ಮಾಡಿದರು. ಸಂಬಂಧ ಮುರಿಯಲು ಇರಬೇಕು ಎಂದುಕೊಂಡು ಎತ್ತಿದೆ. ಅವರು ಮುರಿಯಲಿಲ್ಲ. "ಹುಡುಗ್ರು ಒಪ್ಪಿದಾರೆ, ನಮ್ಮ ಅಡ್ಡಿ ಏನೂ ಇಲ್ಲ" ಎಂದರು. ಫೋನ್ ಇಡದೆ ಅವರೇ ಮುಂದುವರಿಸಿದರು. "ನಮ್ಮಪ್ಪ ಶಿವಾಜಿನಗರದಲ್ಲಿ ಸೈಕಲ್ ಪಂಕ್ಚರ್ ಹಾಕ್ತಿದ್ರು. ನಿನ್ನೆ ನೀವು ನಿಮ್ಮ ಕೆಲಸ ಹೇಳಿದ್ರೆ ನಾನೂ ಅದನ್ನ ಹೇಳೋಣ ಅಂತಿದ್ದೆ. ಇಲ್ಲಿ ಯಾರ ಹತ್ರಾನೂ ಹೇಳಿಲ್ಲ ನಾನು. ಇರ್ಲಿ ಬಿಡಿ." ಆಮೇಲೆ ಅವರು ನನ್ನ ಜೊತೆ ಕನ್ನಡ ಮಾತಾಡಿದ್ದು ಕಡಿಮೆ. ಈಗ ಇಂಗ್ಲಿಷಿನಲ್ಲಿ ಹೇಗಿದ್ದೀರಿ ಎಂದು ಕೇಳುತ್ತಾರೆ, ನಾನೂ ಇಂಗ್ಲಿಷಿನಲ್ಲಿ ಫೈನ್ ಎನ್ನುತ್ತೇನೆ.

ಮುಂದಿನ ವರ್ಷ ನಿಕಾಹ್ ಆಯಿತು. ಚೆನ್ನಾಗಿಯೇ ಆಯಿತು. ನಿಕಾಹ್‌ನಾಮೆಯಲ್ಲಿ ತಂದೆಯ ಉದ್ಯೋಗದ ಕಾಲಂ ಇರಲಿಲ್ಲ, ಇದ್ದಿದ್ದರೆ ತಿದ್ದಿ ಬರೆಸುತ್ತಿದ್ದೆ. ಹಾಗೆಂದು ಈಗ ಹೇಳುವುದು ಸುಲಭ.

ಮಗಳು ಕ್ಯಾರಿಗೆ ಹೋದ ಮೇಲೆ ಒಂದು ಮಧ್ಯಾಹ್ನ ಒಬ್ಬನೇ ರುಸ್ತಮ್‌ನ ಹತ್ತಿರ ಹೋದೆ. ಕೆಲಸದ ಬಟ್ಟೆಯಲ್ಲೇ ಹೋದೆ. ಅವನು ಬಾಗಿಲಿಗೆ ಬಂದು, "ಬನ್ನಿ ಸರ್" ಎಂದು ಕಿಟಕಿಯ ಪಕ್ಕದ ಒಳ್ಳೆಯ ಟೇಬಲ್ ಕೊಟ್ಟ. ನಾನು ನಡೆದದ್ದನ್ನೆಲ್ಲ ಹೇಳಿದೆ. ಮಗಳ ಮದುವೆ, ಭಾವಮೈದುನ, ಬಯೋಡೇಟಾ, ಎಲ್ಲ. ಕ್ಷಮಿಸು ಎಂದೂ ಕೇಳಿದೆ. ಆ ಮಾತನ್ನು ನಾನು ಬದುಕಿನಲ್ಲಿ ಆಡಿದ್ದು ಬೆರಳೆಣಿಕೆಯಷ್ಟು ಸಲ.

ಅವನು ಕೊನೆಯವರೆಗೆ ಕೇಳಿ ತಲೆಯಾಡಿಸಿದ. "ನನಗೂ ಮಗಳಿದ್ದಾಳೆ, ಅರ್ಥ ಆಗತ್ತೆ" ಎಂದ. ಆಮೇಲೆ ಜಗಲಿಯ ಕಡೆ ನೋಡುತ್ತಾ ಹೇಳಿದ, "ಬಂದವರೆಲ್ಲ ಕೇಳ್ತಾರೆ, ಇದನ್ನ ಯಾರು ಮಾಡಿದ್ದು ಅಂತ. ಮೊದಲು, ನಮ್ಮ ಉಸ್ತಾ, ಇಂಡಿಯಾದ ಮೈಸೂರಿನವರು ಅಂತಿದ್ದೆ. ಊರ ಹೆಸರನ್ನೂ ಕಲಿತಿದ್ದೆ. ಈಗ ಗೊತ್ತಿಲ್ಲ ಅಂತೀನಿ. ನಿಮ್ಮ ಮಾತಿಗೆ ವಿರುದ್ಧ ನಾನು ಹೇಗೆ ಹೇಳಲಿ?"

ಚಹಾ ತಂದ. ನಾನು ಬಟ್ಟಲನ್ನೇ ನೋಡುತ್ತಾ ಕೂತಿದ್ದೆ. ಅರ್ಧಕ್ಕೆ ಬಂದಾಗ ಅವನ ಕೈ ಒಂದು ಕ್ಷಣ ತಡೆಯಿತು ಎಂದು ನನಗನ್ನಿಸಿತು. ಆಮೇಲೆ ತುಂಬಿದ. ಕುಡಿದು ಹೊರಟೆ. ಮತ್ತೆ ಆ ಕಡೆ ಹೋಗಿಲ್ಲ.

ನಯಾಜ್‌ನ ಮೇಲೆ ನನಗೆ ಕೋಪವಿಲ್ಲ. ಅವನು ಕಾಲು ಒತ್ತಿದ್ದ, ಬಾಯಿ ನನ್ನದು. ಮೂವತ್ತೇಳು ವರ್ಷ ಯಾರ ಮುಂದೆಯೂ ತಗ್ಗದ ತಲೆ ಒಂದು ಭಾನುವಾರ ಮಧ್ಯಾಹ್ನ ತಗ್ಗಿತು, ಅದೂ ಯಾರೂ ತಗ್ಗಿಸದೆ. ಉಸ್ತಾದರು ಕೆಂಪು ದಾರ ಯಾಕೆ ಹಾಕುತ್ತಿದ್ದರೆಂದು ಎಂಟನೇ ಕ್ಲಾಸು ಬಿಟ್ಟ ವಯಸ್ಸಿನಲ್ಲೇ ಕಲಿತವನು ನಾನು. ಆದರೂ ಆ ಗಾದಿಯ ಮೇಲೆಯೇ ಕೂತು, ಇದು ನನ್ನದಲ್ಲ ಎಂದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಬಾಡಿಗೆಯ ಶೆಡ್ ಒಂದು. ಹೊಲಿಗೆ ಮೆಷಿನ್ ಎರಡು. ಉಸ್ತಾದರು ಕೊಟ್ಟ ಬಾಗಿದ ಸೂಜಿ ಒಂದು. ಕ್ಯಾರಿಯಲ್ಲಿ ಮಗಳು ಒಬ್ಬಳು, ಭಾನುವಾರ ಫೋನ್ ಒಂದು. ಕೆಂಪು ದಾರದ ಉಂಡೆ ಒಂದು. ಆ ಭಾನುವಾರದ ನಂತರ ಅದನ್ನು ಬಿಚ್ಚಿಲ್ಲ.